ಜಿಗ್‌ಬೀ ರೇಡಿಯೊ ಸಿಗ್ನಲ್ ಡಿಮಾಡ್ಯುಲೇಟ್ ಮಾಡಲು ಸಿಗ್ನಲ್ ಅನಲೈಸರ್ ಹೊಂದಿಸುವ ಕ್ರಮ

ಸಿಗ್ನಲ್ ಅನಲೈಸರ್ ಎದುರು ಮೊದಲ ಸಲ ಕುಳಿತವರು ಸಾಮಾನ್ಯವಾಗಿ ನೇರವಾಗಿ ಡಿಮಾಡ್ಯುಲೇಷನ್ (ರೇಡಿಯೊ ಅಲೆಯಿಂದ ಮಾಹಿತಿಯನ್ನು ಬಿಡಿಸಿ ತೆಗೆಯುವುದು) ಮೆನುವಿಗೆ ಹೋಗುತ್ತಾರೆ. ಒಂದಷ್ಟು ಸಂಖ್ಯೆಗಳನ್ನು ತುಂಬಿ, ಪರದೆಯ ಮೂಲೆಯಲ್ಲಿ ಬರುವ ಇವಿಎಂ (ಎರರ್ ವೆಕ್ಟರ್ ಮ್ಯಾಗ್ನಿಟ್ಯೂಡ್) ಅಂಕಿಯನ್ನು ಬರೆದುಕೊಂಡು ಎದ್ದುಬಿಡುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ತನ್ನ ಮುಂದೆ ಬಂದಿರುವ ಸಿಗ್ನಲ್ ಯಾವ ಜಾತಿಯದು ಎಂಬುದು ಅನಲೈಸರ್‌ಗೆ ತಾನಾಗಿ ತಿಳಿಯುವುದಿಲ್ಲ. ನಾವು ಹೇಳಿದ ಮಾಡ್ಯುಲೇಷನ್, ಸಿಂಬಲ್ ರೇಟ್ ಮತ್ತು ಫಿಲ್ಟರನ್ನು ನಂಬಿ ಅದು ಸಿಂಬಲ್‌ಗಳನ್ನು (ಬಿಟ್‌ಗಳನ್ನು ಹೊತ್ತುತರುವ ಒಂದೊಂದು ಸಂಕೇತವನ್ನು) ಓದುತ್ತದೆ, ಆ ಸಿಂಬಲ್‌ಗಳಿಂದ ದೋಷವಿಲ್ಲದ ಆದರ್ಶ ಸಿಗ್ನಲ್ ಒಂದನ್ನು ಒಳಗೇ ಕಟ್ಟಿಕೊಳ್ಳುತ್ತದೆ, ಬಂದ ಸಿಗ್ನಲ್‌ಗೂ ಕಟ್ಟಿಕೊಂಡ ಸಿಗ್ನಲ್‌ಗೂ ಇರುವ ಅಂತರವನ್ನು ಇವಿಎಂ ಎಂದು ತೋರಿಸುತ್ತದೆ. ನಾವು ಹೇಳಿದ್ದೇ ತಪ್ಪಾಗಿದ್ದರೆ ಆ ತಪ್ಪು ಟ್ರಾನ್ಸ್‌ಮಿಟರಿನ ಲೆಕ್ಕಕ್ಕೆ ಬರೆಯಲ್ಪಡುತ್ತದೆ. ಆದ್ದರಿಂದ ಸಿಗ್ನಲನ್ನು ಮೊದಲು ಕಣ್ಣಾರೆ ನೋಡಿ, ಅದರ ಅಗಲ, ಅವಧಿ, ಮಟ್ಟ ಮೂರನ್ನೂ ಕೈಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆಯೇ ಡಿಮಾಡ್ಯುಲೇಷನ್‌ಗೆ ಕೈಹಾಕಬೇಕು ಎಂಬುದು ಈ ಲೇಖನದ ಒಟ್ಟು ನಿಲುವು.

ಉದಾಹರಣೆಗೆ 2.4 ಗಿಗಾಹರ್ಟ್ಸ್ ಬ್ಯಾಂಡಿನ ಜಿಗ್‌ಬೀ (ಕಡಿಮೆ ಶಕ್ತಿಯಲ್ಲಿ ದತ್ತಾಂಶ ಕಳುಹಿಸುವ ಒಂದು ನಿಸ್ತಂತು ತಂತ್ರ) ಮಾಡ್ಯೂಲನ್ನು ತೆಗೆದುಕೊಂಡಿದ್ದೇನೆ. ಅದರ ಭೌತಿಕ ಪದರವನ್ನು ಐಇಇಇ 802.15.4 ಮಾನದಂಡ ನಿಗದಿ ಮಾಡುತ್ತದೆ. ಇಂಥ ಮಾಡ್ಯೂಲ್‌ಗಳು ಅಗ್ಗವಾಗಿ ಸಿಗುತ್ತವೆ, ಕಾಲೇಜಿನ ಪ್ರಯೋಗಾಲಯದಲ್ಲೂ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಸೆಟ್ಟಿಂಗ್ ಸರಿಯಿದೆಯೇ ಎಂದು ಸಿಗ್ನಲಿನಿಂದಲೇ ಪರೀಕ್ಷಿಸಿಕೊಳ್ಳಲು ಈ ಮಾನದಂಡದಲ್ಲಿ ಹಲವು ದಾರಿಗಳಿವೆ. ಮೆನುಗಳ ಹೆಸರು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆಯಾದರೂ ಕೆಲಸದ ಕ್ರಮ ಎಲ್ಲ ಕಡೆಯೂ ಒಂದೇ.

ಮೇಜಿನ ಮೇಲಿನ ಸಿದ್ಧತೆ

ಅನಲೈಸರನ್ನು ಆನ್ ಮಾಡಿ ಕನಿಷ್ಠ ಅರ್ಧ ಗಂಟೆ ಬಿಸಿಯಾಗಲು ಬಿಡಿ, ಆಮೇಲೆ ಅದರ ಸ್ವಯಂ ಅಲೈನ್‌ಮೆಂಟ್ ಒಮ್ಮೆ ನಡೆಸಿ. ಮಾಡ್ಯೂಲನ್ನು ಆಂಟೆನಾ ಮೂಲಕ ಅಲ್ಲ, ಕೇಬಲ್ ಮೂಲಕವೇ ಜೋಡಿಸಬೇಕು. ಗಾಳಿಯಲ್ಲಿ ಹಿಡಿದರೆ ಅಕ್ಕಪಕ್ಕದ ವೈ-ಫೈ, ಬ್ಲೂಟೂತ್ ಎಲ್ಲವೂ ಒಳಗೆ ಬರುತ್ತವೆ, ಗೋಡೆಗೆ ಬಡಿದು ಬಂದ ಪ್ರತಿಫಲನಗಳು ಇವಿಎಂ ಕೆಡಿಸುತ್ತವೆ, ಮತ್ತು ಆ ದೋಷ ಮಾಡ್ಯೂಲಿನದೋ ಕೋಣೆಯದೋ ಎಂದು ಬೇರ್ಪಡಿಸಲಾಗುವುದಿಲ್ಲ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡನ್ನು ನಿಗದಿತ ಶಕ್ತಿಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದು. ಆದರೆ ಸಿಗ್ನಲ್ ಜನರೇಟರಿಗೆ ಆಂಟೆನಾ ಹಾಕಿ ಬೇರೆ ಬ್ಯಾಂಡಿನಲ್ಲಿ ಪ್ರಸಾರ ಮಾಡಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕಾಗುತ್ತದೆ ಎಂಬುದನ್ನು ಪ್ರಯೋಗಾಲಯದವರು ಮರೆಯಬಾರದು. ಕೇಬಲ್ ಹಾಕಿದರೆ ಆ ಚಿಂತೆಯೇ ಇರುವುದಿಲ್ಲ.

ಸಾಮಾನ್ಯ ಮಾಡ್ಯೂಲಿನ ಔಟ್‌ಪುಟ್ 0 ಡಿಬಿಎಂ (ಎಂದರೆ 1 ಮಿಲಿವ್ಯಾಟ್) ಆಸುಪಾಸಿನಲ್ಲಿ ಇರುತ್ತದೆ. ಪವರ್ ಆಂಪ್ಲಿಫೈಯರ್ ಇರುವ ಮಾಡ್ಯೂಲಾದರೆ 20 ಡಿಬಿಎಂ ದಾಟಬಹುದು. ಅನಲೈಸರಿನ ಇನ್‌ಪುಟ್ ಪಕ್ಕದಲ್ಲಿ ಅದು ತಡೆಯಬಲ್ಲ ಗರಿಷ್ಠ ಶಕ್ತಿ ಮತ್ತು ಗರಿಷ್ಠ ಡಿಸಿ ವೋಲ್ಟೇಜ್ ಮುದ್ರಿತವಾಗಿರುತ್ತದೆ. ಕೇಬಲ್ ಸಿಕ್ಕಿಸುವ ಮೊದಲೇ ಅದನ್ನು ಓದಿಕೊಳ್ಳಿ, ಏಕೆಂದರೆ ಒಳಗಿನ ಮಿಕ್ಸರ್ ಒಮ್ಮೆ ಸುಟ್ಟರೆ ರಿಪೇರಿಯ ಖರ್ಚಿಗೆ ಹೊಸ ಮಾಡ್ಯೂಲ್‌ಗಳನ್ನು ಡಬ್ಬಿಗಟ್ಟಲೆ ಕೊಳ್ಳಬಹುದು. ಮಾಡ್ಯೂಲ್ ಮತ್ತು ಅನಲೈಸರ್ ನಡುವೆ 20 ಡೆಸಿಬೆಲ್‌ನ ಹೊರಗಿನ ಅಟೆನ್ಯುಯೇಟರ್ (ಸಿಗ್ನಲಿನ ಶಕ್ತಿಯನ್ನು ತಗ್ಗಿಸುವ ಭಾಗ) ಒಂದನ್ನು ಹಾಕುವುದು ನನ್ನ ರೂಢಿ. ಅದು ಉಪಕರಣವನ್ನು ಕಾಯುವುದಲ್ಲದೆ ಮಾಡ್ಯೂಲಿಗೆ ಸರಿಯಾದ 50 ಓಮ್ ಹೊರೆಯನ್ನೂ ಕೊಡುತ್ತದೆ.

ಎಸ್‌ಎಂಎ ಕನೆಕ್ಟರ್ ಬಿಗಿ ಮಾಡುವಾಗ ನಟ್ಟನ್ನು ಮಾತ್ರ ತಿರುಗಿಸಿ, ಕೇಬಲನ್ನು ತಿರುಗಿಸಬೇಡಿ. ಹಿತ್ತಾಳೆಯ ಕನೆಕ್ಟರಿಗೆ ಸುಮಾರು 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಸುಮಾರು 0.9 ನ್ಯೂಟನ್ ಮೀಟರ್ ಬಿಗಿತ ಸಾಕು, ಮತ್ತು ಇದಕ್ಕಾಗಿಯೇ ಚಿಕ್ಕ ಟಾರ್ಕ್ ರೆಂಚ್ ಸಿಗುತ್ತದೆ. ಇದು ಸಣ್ಣ ವಿಷಯ ಎನಿಸಬಹುದು. ಒಮ್ಮೆ ಒಂದು ಮಾಡ್ಯೂಲಿನ ಇವಿಎಂ ಒಂದು ಅಳತೆಯಲ್ಲಿ 7%, ಮುಂದಿನದರಲ್ಲಿ 19%, ಮತ್ತೆ 8% ಎಂದು ಕುಣಿಯುತ್ತಿತ್ತು. ಇಡೀ ಮಧ್ಯಾಹ್ನ ಮಾಡ್ಯೂಲಿನ ವಿದ್ಯುತ್ ಪೂರೈಕೆಯನ್ನೇ ಅನುಮಾನಿಸಿದೆ. ಕೊನೆಗೆ ಮೊಣಕೈ ತಗುಲಿ ಕೇಬಲ್ ಅಲುಗಿದಾಗ ಪರದೆಯ ಮೇಲಿನ ನಾಲ್ಕು ಚುಕ್ಕಿಗಳೂ ಒಮ್ಮೆಗೇ ಉಬ್ಬಿ ಮತ್ತೆ ಕುಗ್ಗಿದವು. ಅಟೆನ್ಯುಯೇಟರಿನ ನಟ್ಟು ಕಾಲು ಸುತ್ತು ಸಡಿಲವಿತ್ತು. ಅಂದಿನಿಂದ ಅಳತೆ ಬರೆದುಕೊಳ್ಳುವ ಮೊದಲು ಕೇಬಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಅಂಕಿ ಅಲುಗದಿದ್ದರೆ ಮಾತ್ರ ಮುಂದಿನ ಕೆಲಸ.

ಇನ್ನು ರೆಫರೆನ್ಸ್. ಸಿಗ್ನಲ್ ಜನರೇಟರಿನೊಂದಿಗೆ ಕೆಲಸ ಮಾಡುವಾಗ ಎರಡೂ ಉಪಕರಣಗಳ 10 ಮೆಗಾಹರ್ಟ್ಸ್ ರೆಫರೆನ್ಸನ್ನು ಕೇಬಲ್ ಮೂಲಕ ಕೂಡಿಸುತ್ತೇವೆ. ಆಗ ಫ್ರೀಕ್ವೆನ್ಸಿ ದೋಷ ಶೂನ್ಯದ ಹತ್ತಿರ ಕಾಣುತ್ತದೆಯಾದರೂ ಅದಕ್ಕೆ ಅರ್ಥವಿಲ್ಲ, ಏಕೆಂದರೆ ಎರಡೂ ಒಂದೇ ಗಡಿಯಾರ ನೋಡಿ ನಡೆಯುತ್ತಿರುತ್ತವೆ. ಮಾಡ್ಯೂಲಿಗೆ ಅದರದ್ದೇ ಕ್ರಿಸ್ಟಲ್ ಇರುತ್ತದೆ. ಹಾಗಾಗಿ ಅನಲೈಸರ್ ತೋರಿಸುವ ಫ್ರೀಕ್ವೆನ್ಸಿ ದೋಷ ಇಲ್ಲಿ ನಿಜವಾದ ದೋಷವೇ ಆಗಿರುತ್ತದೆ.

ಮೊದಲು ಸ್ಪೆಕ್ಟ್ರಮ್ ನೋಡಿ

ಮಾಡ್ಯೂಲನ್ನು ಚಾನೆಲ್ 11ಕ್ಕೆ ಇಟ್ಟು, ಯಾದೃಚ್ಛಿಕ ದತ್ತಾಂಶವಿರುವ ಪ್ಯಾಕೆಟ್‌ಗಳನ್ನು ಒಂದರ ಹಿಂದೆ ಒಂದು ಕಳುಹಿಸುವ ಟೆಸ್ಟ್ ಮೋಡ್‌ಗೆ ಹಾಕಿ. 2.4 ಗಿಗಾಹರ್ಟ್ಸ್‌ನಲ್ಲಿ 11ರಿಂದ 26ರವರೆಗೆ ಒಟ್ಟು 16 ಚಾನೆಲ್‌ಗಳಿವೆ. ಚಾನೆಲ್ 11ರ ನಡುಬಿಂದು 2405 ಮೆಗಾಹರ್ಟ್ಸ್, ಅಲ್ಲಿಂದ 5 ಮೆಗಾಹರ್ಟ್ಸ್ ಅಂತರದಲ್ಲಿ ಏರುತ್ತಾ ಹೋಗಿ ಚಾನೆಲ್ 26 ಎಂದರೆ 2480 ಮೆಗಾಹರ್ಟ್ಸ್. ಪ್ಯಾಕೆಟ್‌ನಲ್ಲಿ ಬರೀ ಸೊನ್ನೆಗಳನ್ನು ತುಂಬಿದರೆ ಸ್ಪೆಕ್ಟ್ರಮ್ ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಕಾಣುತ್ತದೆ, ಆದ್ದರಿಂದ ಯಾದೃಚ್ಛಿಕ ದತ್ತಾಂಶವೇ ಇರಲಿ.

ಅನಲೈಸರನ್ನು ಸ್ಪೆಕ್ಟ್ರಮ್ ಮೋಡ್‌ನಲ್ಲಿಟ್ಟು ಸೆಂಟರ್ ಫ್ರೀಕ್ವೆನ್ಸಿ 2405 ಮೆಗಾಹರ್ಟ್ಸ್, ಸ್ಪ್ಯಾನ್ 10 ಮೆಗಾಹರ್ಟ್ಸ್, ರೆಸಲ್ಯೂಷನ್ ಬ್ಯಾಂಡ್‌ವಿಡ್ತ್ 100 ಕಿಲೋಹರ್ಟ್ಸ್ ಎಂದು ಕೊಡಿ. ಸಿಗ್ನಲ್ ಬಿಟ್ಟು ಬಿಟ್ಟು ಬರುವುದರಿಂದ ಟ್ರೇಸನ್ನು ಮ್ಯಾಕ್ಸ್ ಹೋಲ್ಡ್‌ಗೆ ಹಾಕಿ ಅರ್ಧ ನಿಮಿಷ ಕಾಯಿರಿ. ನಡುವೆ ಗುಡ್ಡದಂತಹ ಮುಖ್ಯ ಲೋಬ್ ಮೂಡುತ್ತದೆ, ಅದರ ಎರಡೂ ಪಕ್ಕಗಳಲ್ಲಿ ಆಳವಾದ ತಗ್ಗು, ಅದರಾಚೆಗೆ ಸುಮಾರು 23 ಡೆಸಿಬೆಲ್ ಕೆಳಗೆ ಚಿಕ್ಕ ಲೋಬ್‌ಗಳು ಕಾಣುತ್ತವೆ.

ಈಗ ಕೈಲೆಕ್ಕ. 802.15.4 ಇಲ್ಲಿ ಬಳಸುವುದು ಅರ್ಧ ಸೈನ್ ಆಕಾರದ ಆಫ್‌ಸೆಟ್ ಕ್ಯುಪಿಎಸ್‌ಕೆ (ಫೇಸ್ ಬದಲಿಸಿ ಮಾಹಿತಿ ಕಳುಹಿಸುವ ಒಂದು ಬಗೆ), ಚಿಪ್ (ದತ್ತಾಂಶವನ್ನು ಹರಡಲು ಬಳಸುವ ಸಣ್ಣ ಬಿಟ್) ದರ ಸೆಕೆಂಡಿಗೆ 20 ಲಕ್ಷ. ಈ ಮಾಡ್ಯುಲೇಷನ್ ಗಣಿತದ ದೃಷ್ಟಿಯಿಂದ ಎಂಎಸ್‌ಕೆಗೆ (ಎತ್ತರ ಬದಲಿಸದೆ ಫ್ರೀಕ್ವೆನ್ಸಿ ಬದಲಿಸುವ ಮಾಡ್ಯುಲೇಷನ್‌ಗೆ) ಸಮ, ಆದ್ದರಿಂದ ಮೊದಲ ತಗ್ಗುಗಳು ನಡುಬಿಂದುವಿನಿಂದ ಚಿಪ್ ದರದ 0.75 ಪಟ್ಟು ದೂರದಲ್ಲಿ, ಎಂದರೆ 1.5 ಮೆಗಾಹರ್ಟ್ಸ್ ಆಚೆ ಈಚೆ ಬೀಳಬೇಕು. ಮಾರ್ಕರ್ ಇಟ್ಟು ನೋಡಿದಾಗ ತಗ್ಗುಗಳು 2403.5 ಮತ್ತು 2406.5ರ ಹತ್ತಿರ ಸಿಕ್ಕರೆ ಚಿಪ್ ದರ ಸರಿಯಿದೆ. ಗುಡ್ಡ 1 ಮೆಗಾಹರ್ಟ್ಸ್ ಅಗಲಕ್ಕೇ ಮುಗಿದುಹೋದರೆ, ಜಿಗ್‌ಬೀ, ಬ್ಲೂಟೂತ್ ಎರಡನ್ನೂ ಬಲ್ಲ ಮಾಡ್ಯೂಲ್ ಬಹುಶಃ ಬ್ಲೂಟೂತ್ ಲೋ ಎನರ್ಜಿ ಮೋಡ್‌ನಲ್ಲಿ ಕುಳಿತಿದೆ ಎಂದು ತಿಳಿಯಬೇಕು. ಡಿಮಾಡ್ಯುಲೇಷನ್ ಮೆನುವಿನಲ್ಲಿ ಎಷ್ಟು ತಿಣುಕಿದರೂ ಆಗ ಪ್ರಯೋಜನವಿಲ್ಲ.

ಎರಡು ತಗ್ಗುಗಳ ನಡುಬಿಂದುವನ್ನೂ ಬರೆದುಕೊಳ್ಳಿ. ಮಾನದಂಡ ಕ್ರಿಸ್ಟಲಿಗೆ ದಶಲಕ್ಷಕ್ಕೆ 40ರಷ್ಟು ಆಚೆ ಈಚೆ ಸರಿಯುವ ಅವಕಾಶ ಕೊಡುತ್ತದೆ, 2405 ಮೆಗಾಹರ್ಟ್ಸ್‌ನಲ್ಲಿ ಅದು 96 ಕಿಲೋಹರ್ಟ್ಸ್‌ಗೂ ಸ್ವಲ್ಪ ಹೆಚ್ಚು. ಅನಲೈಸರಿನ ಡಿಮಾಡ್ಯುಲೇಟರ್ ತಾನಾಗಿ ಹಿಡಿದು ಸರಿಪಡಿಸಬಲ್ಲ ಫ್ರೀಕ್ವೆನ್ಸಿ ದೋಷ ಸಾಮಾನ್ಯವಾಗಿ ಸಿಂಬಲ್ ರೇಟಿನ ಕೆಲವೇ ಶೇಕಡಾ. ಸಿಗ್ನಲ್ ಅದಕ್ಕಿಂತ ದೂರ ಸರಿದಿದ್ದರೆ ಲಾಕ್ ಸಿಗುವುದಿಲ್ಲ, ಕಾನ್ಸ್‌ಟಲೇಷನ್ (ಸಿಂಬಲ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಬಳೆಯಂತೆ ಸುತ್ತುತ್ತದೆ. ಅಂಥ ಸಂದರ್ಭದಲ್ಲಿ ಸೆಂಟರ್ ಫ್ರೀಕ್ವೆನ್ಸಿಯನ್ನು ಕಂಡ ನಡುಬಿಂದುವಿಗೇ ಸರಿಸಿ, ಸರಿಸಿದಷ್ಟನ್ನು ಕೊನೆಯಲ್ಲಿ ದೋಷಕ್ಕೆ ಕೂಡಿಸಿಕೊಳ್ಳಬೇಕು.

ಕಾಲದ ಮೇಲೆ ನೋಡಿ, ಮಟ್ಟ ಮತ್ತು ಟ್ರಿಗರ್ ಹೊಂದಿಸಿ

ಈಗ ಅನಲೈಸರನ್ನು ವೆಕ್ಟರ್ ಮೋಡ್‌ಗೆ ತನ್ನಿ. ಸ್ಪ್ಯಾನ್ 10 ಮೆಗಾಹರ್ಟ್ಸ್ ಆಗಿಯೇ ಇರಲಿ. ಮುಖ್ಯ ಲೋಬ್ 3 ಮೆಗಾಹರ್ಟ್ಸ್ ಎಂದು ಸ್ಪ್ಯಾನನ್ನು 3ಕ್ಕೇ ಇಳಿಸಿದರೆ ಪಕ್ಕದ ಲೋಬ್‌ಗಳು ಕತ್ತರಿಸಿಹೋಗಿ ಅರ್ಧ ಸೈನ್ ಆಕಾರ ಕೆಡುತ್ತದೆ, ಇವಿಎಂ ಏರುತ್ತದೆ. ತೀರಾ ಅಗಲ ಮಾಡಿದರೆ ಅನಗತ್ಯ ನಾಯ್ಸ್ ಒಳಬರುತ್ತದೆ. ಕೇಬಲಿನ ಮೂಲಕ ಅಳೆಯುವಾಗ 10 ಮೆಗಾಹರ್ಟ್ಸ್ ಒಳ್ಳೆಯ ನಡುದಾರಿ.

ಒಂದು ಟ್ರೇಸಿನಲ್ಲಿ ಸಮಯಕ್ಕೆ ಎದುರಾಗಿ ಶಕ್ತಿಯನ್ನು ಡೆಸಿಬೆಲ್ ಮಾಪನದಲ್ಲಿ ತೋರಿಸುವಂತೆ ಮಾಡಿ, 10 ಮಿಲಿಸೆಕೆಂಡ್ ಉದ್ದ ಹಿಡಿಯಿರಿ. ಪ್ಯಾಕೆಟ್‌ಗಳು ಚೌಕಾಕಾರದ ಇಟ್ಟಿಗೆಗಳಂತೆ ಕಾಣಬೇಕು, ತಲೆ ಮಟ್ಟಸವಾಗಿರಬೇಕು. ಎಂಎಸ್‌ಕೆ ಜಾತಿಯ ಸಿಗ್ನಲಿನ ಎತ್ತರ ಬದಲಾಗುವುದಿಲ್ಲ, ಮಾಹಿತಿಯೆಲ್ಲ ಫೇಸ್‌ನಲ್ಲೇ ಇರುತ್ತದೆ. ತಲೆ ಗರಗಸದಂತೆ ಏರಿಳಿಯುತ್ತಿದ್ದರೆ ಆ ಸಿಗ್ನಲ್ ನೀವು ಅಂದುಕೊಂಡದ್ದಲ್ಲ, ಇಲ್ಲವೇ ನಡುವೆ ಯಾವುದೋ ಫಿಲ್ಟರ್ ಅದನ್ನು ಕಚ್ಚುತ್ತಿದೆ.

ಇಟ್ಟಿಗೆಯ ಉದ್ದವನ್ನೂ ಅಳೆಯಿರಿ. ಜಿಗ್‌ಬೀಯಲ್ಲಿ ಒಂದು ಬೈಟ್‌ಗೆ 32 ಮೈಕ್ರೋಸೆಕೆಂಡ್ ತಗಲುತ್ತದೆ. ದತ್ತಾಂಶಕ್ಕೆ ಮೊದಲು 4 ಬೈಟ್ ಪ್ರಿಆಂಬಲ್, 1 ಬೈಟ್ ಆರಂಭಸೂಚಕ, 1 ಬೈಟ್ ಉದ್ದಸೂಚಕ ಎಂದು ಒಟ್ಟು 6 ಬೈಟ್ ಇರುತ್ತದೆ. ಉದ್ದಸೂಚಕದಲ್ಲಿ 60 ಎಂದಿದ್ದರೆ ಪ್ಯಾಕೆಟ್ 66 ಬೈಟ್, ಅಂದರೆ 2112 ಮೈಕ್ರೋಸೆಕೆಂಡ್ ಇರಬೇಕು. ಗರಿಷ್ಠವಾದ 127 ಬೈಟ್‌ಗೆ 4256 ಮೈಕ್ರೋಸೆಕೆಂಡ್. ಈ ಲೆಕ್ಕ ತಾಳೆಯಾದರೆ ಡಿಮಾಡ್ಯುಲೇಟ್ ಮಾಡುವ ಮೊದಲೇ ಅರ್ಧ ವಿಶ್ವಾಸ ಬಂದಂತೆ.

ಮಟ್ಟ ಹೊಂದಿಸುವಾಗ ರೆಫರೆನ್ಸ್ ಲೆವೆಲನ್ನು ಸಿಗ್ನಲಿನ ತಲೆಗಿಂತ ಸ್ವಲ್ಪವೇ ಮೇಲೆ ಇಡಬೇಕು. ಹೊರಗಿನ 20 ಡೆಸಿಬೆಲ್ ಅಟೆನ್ಯುಯೇಟರಿನಿಂದಾಗಿ ಇನ್‌ಪುಟ್‌ನಲ್ಲಿ ಸುಮಾರು −20 ಡಿಬಿಎಂ ಬರುತ್ತಿದ್ದರೆ −15ರಿಂದ ಆರಂಭಿಸಿ, ಓವರ್‌ಲೋಡ್ ಸೂಚನೆ ಬರುವವರೆಗೆ ಒಂದೊಂದೇ ಹಂತ ಕೆಳಗಿಳಿಸಿ, ಸೂಚನೆ ಬಂದ ಕೂಡಲೇ ಒಂದು ಹಂತ ಮೇಲೆತ್ತಿ ನಿಲ್ಲಿಸಿ. ರೆಫರೆನ್ಸ್ ಲೆವೆಲ್ ತೀರಾ ಮೇಲಿದ್ದರೆ ಎಡಿಸಿಯ (ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಭಾಗದ) ಅಂತಸ್ತಿನಲ್ಲಿ ಕೆಳಗಿನ ಕೆಲವೇ ಮೆಟ್ಟಿಲುಗಳಷ್ಟನ್ನೇ ಸಿಗ್ನಲ್ ಬಳಸುತ್ತದೆ, ಉಪಕರಣದ ಸ್ವಂತ ನಾಯ್ಸ್ ಇವಿಎಂ ಒಳಗೆ ಸೇರುತ್ತದೆ. ತೀರಾ ಕೆಳಗಿದ್ದರೆ ಸಿಗ್ನಲಿನ ತಲೆ ಕತ್ತರಿಸುತ್ತದೆ. ಸಂದೇಹವಿದ್ದಾಗ ನಾನು ಮಾಡುವುದು ಇಷ್ಟೇ: ಇವಿಎಂ ನೋಡುತ್ತಾ ರೆಫರೆನ್ಸ್ ಲೆವೆಲನ್ನು ಎರಡು ಮೂರು ಡೆಸಿಬೆಲ್ ಆಚೆ ಈಚೆ ಸರಿಸುತ್ತೇನೆ. ಅಂಕಿ ಕದಲದಿದ್ದರೆ ಅದು ಸಿಗ್ನಲಿನದು, ಕದಲಿದರೆ ಅದರಲ್ಲಿ ಉಪಕರಣದ ಪಾಲೂ ಇದೆ.

ಟ್ರಿಗರ್‌ಗೆ ಐಎಫ್ ಮ್ಯಾಗ್ನಿಟ್ಯೂಡ್ ಅಥವಾ ಬರ್ಸ್ಟ್ ಟ್ರಿಗರ್ ಆಯ್ದುಕೊಳ್ಳಿ. ಟ್ರಿಗರ್ ಮಟ್ಟ ಪ್ಯಾಕೆಟ್‌ನ ತಲೆಗಿಂತ 15 ಡೆಸಿಬೆಲ್‌ನಷ್ಟು ಕೆಳಗಿರಲಿ, ಅಂಚು ಏರುವ ಕಡೆಯದಾಗಿರಲಿ. ಪ್ಯಾಕೆಟ್ ಹೇಗೆ ಏಳುತ್ತದೆ ಎಂಬುದೂ ಕಾಣಬೇಕಾದ್ದರಿಂದ 20 ಮೈಕ್ರೋಸೆಕೆಂಡ್‌ನಷ್ಟು ಪ್ರಿ-ಟ್ರಿಗರ್ ಕೊಡಿ. ಎರಡು ಪ್ಯಾಕೆಟ್‌ಗಳ ನಡುವಿನ ಖಾಲಿ ಜಾಗಕ್ಕಿಂತ ಸ್ವಲ್ಪ ಕಡಿಮೆ ಹೋಲ್ಡ್-ಆಫ್ ಇಟ್ಟರೆ ಪ್ಯಾಕೆಟ್ ನಡುವೆ ಸುಳ್ಳು ಟ್ರಿಗರ್ ಆಗುವುದು ತಪ್ಪುತ್ತದೆ.

ಡಿಮಾಡ್ಯುಲೇಟರಿಗೆ ಏನು ಹೇಳಬೇಕು

ಮಾಡ್ಯುಲೇಷನ್ ಫಾರ್ಮ್ಯಾಟ್‌ನಲ್ಲಿ ಆಫ್‌ಸೆಟ್ ಕ್ಯುಪಿಎಸ್‌ಕೆ ಎಂದೇ ಆಯ್ಕೆ ಮಾಡಬೇಕು. ಸಿಂಬಲ್ ರೇಟ್ ಬರೆಯುವ ಜಾಗದಲ್ಲಿ ಬಹಳ ಮಂದಿ ಎಡವುತ್ತಾರೆ. ತರಬೇತಿಗೆ ಬಂದಿದ್ದ ಹುಡುಗನೊಬ್ಬ ಅಲ್ಲಿ 250 ಕಿಲೋಹರ್ಟ್ಸ್ ತುಂಬಿ, "ಸರ್, ಡೇಟಾಶೀಟ್‌ನಲ್ಲಿ 250 ಅಂತಾನೇ ಇದೆಯಲ್ಲ" ಎಂದು ಹಾಳೆಯನ್ನೇ ತೆರೆದು ತೋರಿಸಿದ್ದ. ಅವನು ಓದಿದ್ದು ತಪ್ಪಲ್ಲ, ಆದರೆ ಅದು ಬಿಟ್ ದರ. ಈ ಮಾನದಂಡದಲ್ಲಿ ನಾಲ್ಕು ದರಗಳು ಒಂದರ ಮೇಲೊಂದು ಕುಳಿತಿವೆ. ದತ್ತಾಂಶ ಸೆಕೆಂಡಿಗೆ 250 ಕಿಲೋಬಿಟ್. ನಾಲ್ಕು ಬಿಟ್‌ಗೆ ಒಂದು ಸಿಂಬಲ್ ಆದ್ದರಿಂದ ಮಾನದಂಡದ ಭಾಷೆಯಲ್ಲಿ ಸಿಂಬಲ್ ದರ 62.5 ಸಾವಿರ. ಪ್ರತಿ ಸಿಂಬಲ್‌ಗೆ 32 ಚಿಪ್‌ಗಳ ಸರಣಿ ಇರುವುದರಿಂದ ಚಿಪ್ ದರ 20 ಲಕ್ಷ. ಆ ಚಿಪ್‌ಗಳಲ್ಲಿ ಸಮಸಂಖ್ಯೆಯವು ಐ ಕವಲಿಗೂ ಬೆಸಸಂಖ್ಯೆಯವು ಕ್ಯೂ ಕವಲಿಗೂ (ಸಿಗ್ನಲಿನ, ಒಂದಕ್ಕೊಂದು 90 ಡಿಗ್ರಿ ಅಂತರದ ಎರಡು ಭಾಗಗಳು) ಹಂಚಿಹೋಗುವುದರಿಂದ ಒಂದೊಂದು ಕವಲಿನಲ್ಲಿ ಸೆಕೆಂಡಿಗೆ 10 ಲಕ್ಷ. ಅನಲೈಸರ್‌ಗೆ ಜಿಗ್‌ಬೀಯ ಬಿಟ್, ಸಿಂಬಲ್ ಯಾವುದೂ ಬೇಡ. ಅದು ನೋಡುವುದು ಐ ಮತ್ತು ಕ್ಯೂ ಕವಲುಗಳನ್ನು ಮಾತ್ರ. ಹಾಗಾಗಿ ಅಲ್ಲಿ ಬರೆಯಬೇಕಾದದ್ದು 1 ಮೆಗಾಹರ್ಟ್ಸ್.

ಫಿಲ್ಟರ್ ವಿಷಯದಲ್ಲಿ ಮೆಷರ್‌ಮೆಂಟ್ ಫಿಲ್ಟರ್ ಇಲ್ಲ ಎಂದೂ, ರೆಫರೆನ್ಸ್ ಫಿಲ್ಟರ್ ಅರ್ಧ ಸೈನ್ ಎಂದೂ ಕೊಡಿ. ಮೊದಲನೆಯದು ಬಂದ ಸಿಗ್ನಲನ್ನು ಸೋಸುವ ಫಿಲ್ಟರ್, ಎರಡನೆಯದು ಅನಲೈಸರ್ ತನ್ನೊಳಗೆ ಕಟ್ಟಿಕೊಳ್ಳುವ ಆದರ್ಶ ಸಿಗ್ನಲಿಗೆ ಆಕಾರ ಕೊಡುವ ಫಿಲ್ಟರ್. ಅರ್ಧ ಸೈನ್ ಆಕಾರ ಪೂರ್ತಿಯಾಗಿ ಟ್ರಾನ್ಸ್‌ಮಿಟರಿನಲ್ಲೇ ಆಗಿಬಂದಿರುವುದರಿಂದ ಇನ್ನೊಮ್ಮೆ ಸೋಸುವ ಅಗತ್ಯವಿಲ್ಲ.

ರಿಸಲ್ಟ್ ಲೆಂಗ್ತ್ 1000 ಸಿಂಬಲ್ ಇರಲಿ. ಮಾನದಂಡ ಇವಿಎಂ ಅನ್ನು 1000 ಚಿಪ್‌ಗಳ ಮೇಲೆ ಅಳೆಯಲು ಹೇಳುತ್ತದೆ, ಅನಲೈಸರಿನ 1000 ಸಿಂಬಲ್‌ನಲ್ಲಿ ಅದು ಧಾರಾಳವಾಗಿ ಅಡಗುತ್ತದೆ. ಅಷ್ಟು ಸಿಂಬಲ್ ಎಂದರೆ 1 ಮಿಲಿಸೆಕೆಂಡ್, ಹಾಗಾಗಿ ಪ್ಯಾಕೆಟ್ ಅದಕ್ಕಿಂತ ಉದ್ದವಿರಬೇಕು. ಮೇಲೆ ಹೇಳಿದ 60 ಬೈಟ್‌ನ ಪ್ಯಾಕೆಟ್ ಆರಾಮವಾಗಿ ಸಾಕಾಗುತ್ತದೆ. ಪಲ್ಸ್ ಸರ್ಚ್ ಆನ್ ಮಾಡಿ, ಸರ್ಚ್ ಲೆಂಗ್ತ್ ಒಂದು ಇಡೀ ಪ್ಯಾಕೆಟ್ ಮತ್ತು ಅದರ ಮುಂದಿನ ಖಾಲಿ ಜಾಗ ಎರಡನ್ನೂ ನುಂಗುವಷ್ಟು ಕೊಡಿ. ಪಲ್ಸ್ ಸರ್ಚ್ ಆಫ್ ಇದ್ದರೆ ಪ್ಯಾಕೆಟ್ ಮುಗಿದ ಮೇಲಿನ ಬರೀ ನಾಯ್ಸನ್ನೂ ಅನಲೈಸರ್ ಸಿಂಬಲ್ ಎಂದು ಓದಲು ಹೊರಡುತ್ತದೆ.

ಸಿಗ್ನಲ್ ಬಂದ ದಾರಿಯ ವಿಕೃತಿಯನ್ನು ಸರಿದೂಗಿಸುವ ಈಕ್ವಲೈಸರ್ ಈ ಹಂತದಲ್ಲಿ ಆಫ್ ಇರಬೇಕು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈಕ್ವಲೈಸರ್ ಹಾಕಿದ ಕೂಡಲೇ ಇವಿಎಂ ಇಳಿಯುತ್ತದೆ, ಇಳಿದದ್ದು ನೋಡಿ ಸಮಾಧಾನವಾಗುತ್ತದೆ, ಕೇಬಲಿನ ಅಥವಾ ಮಾಡ್ಯೂಲಿನ ಫಿಲ್ಟರಿನ ದೋಷ ಅದರಡಿ ಮುಚ್ಚಿಹೋಗುತ್ತದೆ.

ಸೆಟ್ಟಿಂಗ್ ಸರಿಯಿದೆ ಎಂಬುದಕ್ಕೆ ಸಾಕ್ಷಿ

ಈಗ ಪರದೆಯಲ್ಲಿ ನಾಲ್ಕು ಚುಕ್ಕಿಗಳ ಕಾನ್ಸ್‌ಟಲೇಷನ್ ಕಾಣಬೇಕು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾಲ್ಕು ಚುಕ್ಕಿ ಕಂಡ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ಎಂಎಸ್‌ಕೆ ಸಿಗ್ನಲಿನಲ್ಲಿ ಐ ಕವಲು ಗರಿಷ್ಠಕ್ಕೆ ಏರಿದ ಕ್ಷಣ ಕ್ಯೂ ಶೂನ್ಯದಲ್ಲಿರುತ್ತದೆ, ಕ್ಯೂ ಗರಿಷ್ಠಕ್ಕೇರಿದಾಗ ಐ ಶೂನ್ಯದಲ್ಲಿರುತ್ತದೆ, ಎರಡರ ಸರಿ ನಡುವಿನ ಕ್ಷಣದಲ್ಲಿ ಎರಡೂ ಗರಿಷ್ಠದ 0.707ರಷ್ಟು ಇರುತ್ತವೆ. ಆಫ್‌ಸೆಟ್ ಎಂಬುದನ್ನು ಮರೆತು ಬರೀ ಕ್ಯುಪಿಎಸ್‌ಕೆ ಆಯ್ದವರಿಗೆ ಆ ನಡುಕ್ಷಣದ ಮಾದರಿಗಳು ನಾಲ್ಕು ಅಂದವಾದ ಚುಕ್ಕಿಗಳಾಗಿಯೇ ಬೀಳಬಹುದು. ಚಿತ್ರ ಚೆನ್ನಾಗಿರುತ್ತದೆ, ಓದಿದ ಬಿಟ್‌ಗಳು ಮಾತ್ರ ತಪ್ಪಾಗಿರಬಹುದು.

ಆದ್ದರಿಂದ ಸಾಕ್ಷಿಯನ್ನು ಸಿಂಬಲ್ ಟೇಬಲಿನಲ್ಲಿ ಹುಡುಕಬೇಕು. ಪ್ರಿಆಂಬಲ್ ಎಂದರೆ 4 ಬೈಟ್ ಸೊನ್ನೆಗಳು, ಅಂದರೆ ಸೊನ್ನೆ ಎಂಬ ಸಿಂಬಲ್ ಎಂಟು ಬಾರಿ. ಅದರ 32 ಚಿಪ್‌ಗಳು ಹೀಗಿವೆ: 11011001 11000011 01010010 00101110. ಸಿಂಬಲ್ ಟೇಬಲಿನಲ್ಲಿ ಒಂದು ಸಾಲಿಗೆ 32 ಬಿಟ್ ಬರುವಂತೆ ಹೊಂದಿಸಿ ನೋಡಿ. ಪ್ಯಾಕೆಟ್ ಏಳುವ ಅಂಚಿನಲ್ಲಿ ಒಂದೆರಡು ಬಿಟ್ ಕೆಟ್ಟಿರಬಹುದು, ಅದನ್ನು ಬಿಟ್ಟರೆ ಮೊದಲ ಎಂಟು ಸಾಲುಗಳು ಒಂದೇ ಅಚ್ಚಿನಿಂದ ಒತ್ತಿದಂತೆ ಇರುತ್ತವೆ. ಸೊನ್ನೆಯ ಕೆಳಗೆ ಸೊನ್ನೆ, ಒಂದರ ಕೆಳಗೆ ಒಂದು ಎಂದು ಕಂಬ ಕಂಬವಾಗಿ ನಿಲ್ಲುತ್ತವೆ, ಒಂಬತ್ತನೆಯ ಸಾಲಿನಲ್ಲಿ ಆರಂಭಸೂಚಕ ಬಂದಾಗ ಆ ಕಂಬಗಳು ಮುರಿಯುತ್ತವೆ. ಅನಲೈಸರ್ ಫೇಸನ್ನು 90 ಡಿಗ್ರಿ ತಿರುಗಿಸಿ ಹಿಡಿದಿದ್ದರೆ ಬಿಟ್‌ಗಳು ಮೇಲೆ ಬರೆದ ಸರಣಿಯಂತೆಯೇ ಕಾಣಲಾರವು, ಆದರೂ ಪುನರಾವರ್ತನೆ ಹಾಗೇ ಉಳಿಯುತ್ತದೆ. ಸಿಂಬಲ್ ರೇಟ್ ಸರಿಯಿಲ್ಲದೆ ಈ ಎಂಟು ಸಾಲು ಹೀಗೆ ಕೂಡಿಬರುವುದಿಲ್ಲ. ಮೊದಲ ಸಲ ಇದನ್ನು ಪರದೆಯ ಮೇಲೆ ಕಂಡಾಗ ಆಗುವ ಸಂತೋಷವನ್ನು ಯಾವ ಇವಿಎಂ ಅಂಕಿಯೂ ಕೊಡದು ಎಂಬುದು ನನ್ನ ಅನುಭವ. ಬೇಕಿದ್ದರೆ ಇದೇ ಸರಣಿಯನ್ನು ಸಿಂಕ್ ಪದವಾಗಿ ಕೊಟ್ಟು, ಫೇಸಿನ ಗೊಂದಲವನ್ನೂ ಅನಲೈಸರಿನಿಂದಲೇ ಬಗೆಹರಿಸಿಕೊಳ್ಳಬಹುದು.

ಇನ್ನೊಂದು ಅಪಾಯ ಸಿಗ್ನಲ್ ಡೌನ್-ಕನ್ವರ್ಟರ್ ಮೂಲಕ ಬರುವಾಗ ಎದುರಾಗುತ್ತದೆ. ಅದರ ಲೋಕಲ್ ಆಸಿಲೇಟರ್ ಸಿಗ್ನಲಿಗಿಂತ ಮೇಲಿದ್ದರೆ ಸ್ಪೆಕ್ಟ್ರಮ್ ತಿರುವುಮುರುವಾಗುತ್ತದೆ. ಜಿಗ್‌ಬೀ ಸ್ಪೆಕ್ಟ್ರಮ್ ಎಡಬಲ ಒಂದೇ ಆಗಿರುವುದರಿಂದ ಕಣ್ಣಿಗೆ ಏನೂ ತಿಳಿಯದು, ಇವಿಎಂ ಕೂಡ ಚೆನ್ನಾಗಿಯೇ ಬರುತ್ತದೆ, ಎಂಟು ಸಾಲುಗಳೂ ಕೂಡಿಬರುತ್ತವೆ. ಆದರೆ ತಿರುವಿದಾಗ ಕ್ಯೂ ಕವಲಿನ ಚಿಹ್ನೆ ಬದಲಾಗಿ ಬೆಸಸ್ಥಾನದ ಚಿಪ್‌ಗಳೆಲ್ಲ ತಲೆಕೆಳಗಾಗುತ್ತವೆ. ಈ ಮಾನದಂಡದಲ್ಲಿ 8ರಿಂದ 15ರವರೆಗಿನ ಸಿಂಬಲ್‌ಗಳನ್ನು ರಚಿಸಿರುವುದೇ 0ಯಿಂದ 7ರವರೆಗಿನವುಗಳ ಬೆಸ ಚಿಪ್‌ಗಳನ್ನು ತಲೆಕೆಳಗು ಮಾಡಿ. ಹೀಗಾಗಿ ಸೊನ್ನೆಯ ಪ್ರಿಆಂಬಲ್ ಎಂಟರ ಪ್ರಿಆಂಬಲ್ ಆಗಿ, ಪೂರ್ತಿ ನ್ಯಾಯವಾದ ಸರಣಿಯಂತೆಯೇ ತೋರುತ್ತದೆ. ಅನಲೈಸರಿನಲ್ಲಿ ಮಿರರ್ ಸ್ಪೆಕ್ಟ್ರಮ್ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ.

ಅಂಕಿಯನ್ನು ಓದುವುದು

ಮಾನದಂಡದ ಪ್ರಕಾರ ಇವಿಎಂ 35% ಒಳಗಿರಬೇಕು, ಡೆಸಿಬೆಲ್‌ನಲ್ಲಿ ಹೇಳುವುದಾದರೆ ಸುಮಾರು −9. ಇದು ಬಹಳ ಸಡಿಲವಾದ ಮಿತಿ. ಚಿಪ್ ಸರಣಿಗಳಿಂದ ಹರಡಿದ ಸಿಗ್ನಲಾದ್ದರಿಂದ ಅಷ್ಟು ಕೆಟ್ಟರೂ ರಿಸೀವರ್ ಓದಿಕೊಳ್ಳಬಲ್ಲದು ಎಂಬುದೇ ಅದರ ಹಿಂದಿನ ಕಾರಣ. ಆದರೆ ಮಿತಿಯೊಳಗಿದೆ ಎಂದು 25% ತೋರುವ ಮಾಡ್ಯೂಲನ್ನು ನಾನಂತೂ ಸುಮ್ಮನೆ ಬಿಡುವುದಿಲ್ಲ, ಅದರೊಳಗೆ ಹುಡುಕಬೇಕಾದದ್ದು ಏನೋ ಇದೆ.

ಹುಡುಕುವ ಬಗೆ ಹೀಗೆ. ಮೊದಲು ಮ್ಯಾಗ್ನಿಟ್ಯೂಡ್ ದೋಷ ಮತ್ತು ಫೇಸ್ ದೋಷಗಳನ್ನು ಹೋಲಿಸಿ. 4 ಡಿಗ್ರಿ ಫೇಸ್ ದೋಷ ಎಂದರೆ 0.07 ರೇಡಿಯನ್, ಅದೊಂದೇ 7% ಇವಿಎಂ ತರುತ್ತದೆ. ಒಟ್ಟು ಇವಿಎಂ 7.5% ಇದ್ದು ಫೇಸ್ ದೋಷ 4 ಡಿಗ್ರಿ ಇದ್ದರೆ ದೋಷವೆಲ್ಲ ಆಸಿಲೇಟರ್ ಕಡೆಯದು. ಎರಡೂ ಸರಿಸಮ ಇದ್ದರೆ ಅದು ಸಾಮಾನ್ಯ ನಾಯ್ಸ್. ಆಮೇಲೆ ಇವಿಎಂ ಅನ್ನು ಕಾಲದ ಮೇಲೆ ನೋಡಿ. ಪ್ಯಾಕೆಟ್‌ನ ಮೊದಲ ಕೆಲವು ಸಿಂಬಲ್‌ಗಳಲ್ಲಿ ಮಾತ್ರ ದೊಡ್ಡದಿದ್ದರೆ ಆಸಿಲೇಟರ್ ನೆಲೆಗೊಳ್ಳುವ ಮೊದಲೇ ಪ್ರಸಾರ ಶುರುವಾಗುತ್ತಿದೆ. ನಡುವೆ ಕಡಿಮೆಯಿದ್ದು ಎರಡೂ ತುದಿಗೆ ಇಂಗ್ಲಿಷ್ ವಿ ಅಕ್ಷರದಂತೆ ಏರಿದ್ದರೆ ಸಿಂಬಲ್ ರೇಟ್ ಸ್ವಲ್ಪ ಬೇರೆಯಿದೆ ಎಂದರ್ಥ. ಮೂರನೆಯದಾಗಿ ಎರರ್ ವೆಕ್ಟರಿನ ಸ್ಪೆಕ್ಟ್ರಮ್ ನೋಡಿ. ಸಮತಟ್ಟಾದ ನಾಯ್ಸ್ ಬದಲು ಒಂದು ಚೂಪಾದ ಶಿಖರ ಎದ್ದಿದ್ದರೆ, ಅದು ನಡುಬಿಂದುವಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು, ಮಾಡ್ಯೂಲಿನ ಸ್ವಿಚಿಂಗ್ ರೆಗ್ಯುಲೇಟರಿನ ಫ್ರೀಕ್ವೆನ್ಸಿಯೊಂದಿಗೆ ಹೋಲಿಸಿ. ಮುಖ್ಯ ಸ್ಪೆಕ್ಟ್ರಮಿನಲ್ಲಿ ಸಿಗ್ನಲಿನಡಿ ಅಡಗಿಹೋಗುವ ಇಂಥ ಶಿಖರ ಇಲ್ಲಿ ಬೆತ್ತಲೆಯಾಗಿ ಕಾಣುತ್ತದೆ. ಈ ಮೂರೂ ಮುಗಿದ ಮೇಲೆ ಬೇಕಿದ್ದರೆ ಈಕ್ವಲೈಸರ್ ಆನ್ ಮಾಡಿ. ಇವಿಎಂ 9ರಿಂದ 3ಕ್ಕೆ ಇಳಿದರೆ ದೋಷ ಯಾವುದೋ ಫಿಲ್ಟರ್ ಅಥವಾ ಪ್ರತಿಫಲನದ್ದು, ಕದಲದಿದ್ದರೆ ನಾಯ್ಸ್ ಇಲ್ಲವೇ ಫೇಸಿನದ್ದು.

ಉಪಕರಣದ ಸ್ವಂತ ಪಾಲನ್ನೂ ತಿಳಿದಿರಬೇಕು. ಒಳ್ಳೆಯ ಸಿಗ್ನಲ್ ಜನರೇಟರಿನಿಂದ ಇದೇ ಸಿಗ್ನಲ್ ಕೊಟ್ಟು ಅಳೆದಾಗ 2% ಬಂದರೆ, ಮಾಡ್ಯೂಲಿನ 8%ರಲ್ಲಿ ಆ ಪಾಲನ್ನು ವರ್ಗದ ಲೆಕ್ಕದಲ್ಲಿ ಕಳೆದರೆ 7.75% ಉಳಿಯುತ್ತದೆ, ವ್ಯತ್ಯಾಸ ಗಣನೆಗೆ ಬಾರದು. ಆದರೆ ಅಳತೆ 3% ಬಂದಿದ್ದರೆ ನಿಜವಾದದ್ದು 2.2% ಮಾತ್ರ.

ಬೇರೆ ಸಿಗ್ನಲ್‌ಗಳಿಗೆ ಹೋಗುವಾಗ

ರೂಟ್ ರೈಸ್ಡ್ ಕೊಸೈನ್ ಆಕಾರದ ಕ್ಯುಪಿಎಸ್‌ಕೆ ಸಿಗ್ನಲ್ ಆದರೆ ಮೆಷರ್‌ಮೆಂಟ್ ಫಿಲ್ಟರ್ ರೂಟ್ ರೈಸ್ಡ್ ಕೊಸೈನ್, ರೆಫರೆನ್ಸ್ ಫಿಲ್ಟರ್ ರೈಸ್ಡ್ ಕೊಸೈನ್ ಆಗಿರಬೇಕು, ಎರಡರ ಆಲ್ಫಾವೂ (ಫಿಲ್ಟರಿನ ಅಂಚು ಎಷ್ಟು ಇಳಿಜಾರು ಎಂಬ ಅಳತೆ) ಟ್ರಾನ್ಸ್‌ಮಿಟರಿನದ್ದೇ ಆಗಿರಬೇಕು. ಸ್ಪೆಕ್ಟ್ರಮಿನ ಅಗಲ ಸುಮಾರಾಗಿ ಸಿಂಬಲ್ ರೇಟನ್ನು 1 ಕೂಡಿಸು ಆಲ್ಫಾದಿಂದ ಗುಣಿಸಿದಷ್ಟು: 1 ಮೆಗಾಹರ್ಟ್ಸ್ ಸಿಂಬಲ್ ರೇಟಿಗೆ 0.35 ಆಲ್ಫಾ ಇದ್ದರೆ 1.35 ಮೆಗಾಹರ್ಟ್ಸ್. ಸ್ಪೆಕ್ಟ್ರಮಿನ ಅಗಲದಿಂದ ಆಲ್ಫಾವನ್ನು ಅಂದಾಜಿಸಿ ಆಮೇಲೆ ಇವಿಎಂ ಕನಿಷ್ಠವಾಗುವಂತೆ ತಿದ್ದಿಕೊಳ್ಳಬಹುದು.

ಹಳೆಯ 802.11ಜಿ ವೈ-ಫೈ ತೆಗೆದುಕೊಂಡರೆ ಅದು ಒಎಫ್‌ಡಿಎಂ, ಅಂದರೆ ದತ್ತಾಂಶವನ್ನು ಅನೇಕ ಉಪವಾಹಕಗಳಿಗೆ ಹಂಚಿ ಕಳುಹಿಸುವ ವಿಧಾನ. 312.5 ಕಿಲೋಹರ್ಟ್ಸ್ ಅಂತರದ 52 ಉಪವಾಹಕಗಳು, ಅವುಗಳಲ್ಲಿ 4 ಪೈಲಟ್. ಸಿಗ್ನಲಿನ ತಲೆ ಸರಾಸರಿಗಿಂತ 10 ಡೆಸಿಬೆಲ್‌ಗೂ ಮೇಲೆ ಚಿಮ್ಮುವುದರಿಂದ ರೆಫರೆನ್ಸ್ ಲೆವೆಲಿನಲ್ಲಿ ಅಷ್ಟು ಜಾಗ ಬಿಡಲೇಬೇಕು, ಜಿಗ್‌ಬೀಗೆ ಇಟ್ಟಂತೆ ಇಟ್ಟರೆ ತಲೆ ಕತ್ತರಿಸುತ್ತದೆ. 64 ಕ್ಯೂಎಎಂನ 54 ಮೆಗಾಬಿಟ್ ದರಕ್ಕೆ ಇವಿಎಂ ಮಿತಿ −25 ಡೆಸಿಬೆಲ್, ಶೇಕಡಾದಲ್ಲಿ ಸುಮಾರು 5.6. ಇಲ್ಲಿ ಈಕ್ವಲೈಸರ್ ಡಿಮಾಡ್ಯುಲೇಷನ್‌ನ ಭಾಗವೇ ಆಗಿದ್ದು, ಅದನ್ನು ಪ್ರಿಆಂಬಲ್ ಮಾತ್ರದಿಂದ ಕಲಿಸಿದ್ದೀರೋ ದತ್ತಾಂಶವನ್ನೂ ಸೇರಿಸಿ ಕಲಿಸಿದ್ದೀರೋ ಎಂಬುದರ ಮೇಲೆ ಇವಿಎಂ ಬದಲಾಗುತ್ತದೆ. ಎರಡು ಪ್ರಯೋಗಾಲಯಗಳ ಅಂಕಿ ಕೂಡಿಬರದಿದ್ದಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಕೊನೆಯ ಹಂತವಾಗಿ, ಅಳತೆ ಮುಗಿದ ಕೂಡಲೇ ಸೆಟ್ಟಿಂಗನ್ನು ಸ್ಟೇಟ್ ಫೈಲಾಗಿಯೂ, ಐ-ಕ್ಯೂ ಮಾದರಿಗಳನ್ನು ರೆಕಾರ್ಡಿಂಗ್ ಆಗಿಯೂ ಉಳಿಸಿ. ಮಾಡ್ಯೂಲ್ ಕೈಬಿಟ್ಟು ಹೋದ ಮೇಲೂ ಆ ರೆಕಾರ್ಡಿಂಗನ್ನು ಮತ್ತೆ ಓಡಿಸಿ ಸಿಂಬಲ್ ರೇಟ್, ಫಿಲ್ಟರ್, ಈಕ್ವಲೈಸರ್ ಬದಲಿಸಿ ನೋಡಬಹುದು. ರೆಫರೆನ್ಸ್ ಲೆವೆಲ್, ಸೆಂಟರ್ ಫ್ರೀಕ್ವೆನ್ಸಿ ಮತ್ತು ಸ್ಪ್ಯಾನ್ ಮಾತ್ರ ರೆಕಾರ್ಡ್ ಮಾಡುವ ಕ್ಷಣದಲ್ಲೇ ಗಟ್ಟಿಯಾಗಿಬಿಡುತ್ತವೆ. ಆ ಮೂರನ್ನು, ಹೊರಗಿನ ಅಟೆನ್ಯುಯೇಟರಿನ ಬೆಲೆಯ ಜೊತೆಗೆ, ಫೈಲಿನ ಹೆಸರಿನಲ್ಲೇ ಬರೆದಿಡಿ.